ಒಂದೇ ಅಚ್ಚಿನ ಮೂರು ಕಿಟ್‌, ಮೂರು ಬೇರೆ ಮನೆ

ಪ್ರಶ್ನೆ: 17ನೇ ಶತಮಾನದ ಮೂವತ್ತು ವರ್ಷಗಳ ಯುದ್ಧದ ಕಾಲದ ಒಂದು ಜರ್ಮನ್ ಹಳ್ಳಿಯನ್ನು, ಮೇಜಿನ ಮೇಲಿನ ಯುದ್ಧದಾಟದ 28 ಮಿ.ಮೀ. ಗೊಂಬೆ ಸೈನಿಕರಿಗಾಗಿ ಮಾಡಬೇಕು ಅಂತಿದ್ದೇನೆ. ಲೇಸರ್‌ನಲ್ಲಿ ಕತ್ತರಿಸಿದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕಿಟ್ ಮೂರು ತಂದೆ. ಮೂರೂ ಒಂದೇ ಮನೆ, ಎರಡು ಅಂತಸ್ತು. ತೊಲೆ, ಕಂಬಗಳನ್ನು ಗೋಡೆಯ ಮೇಲೆ ಬರೀ ಗೆರೆಯಾಗಿ ಕೊರೆದಿದ್ದಾರೆ. ಅಂಟು ಹಾಕದೆ ಒಂದನ್ನು ಸುಮ್ನೆ ಜೋಡಿಸಿ ನೋಡಿದೆ, ರಟ್ಟಿನ ಪೆಟ್ಟಿಗೆ ತರಹ ಕಾಣಿಸಿತು. ಮೂರನ್ನೂ ಬೇರೆ ಬೇರೆ ಮನೆ ಅನ್ನಿಸುವ ಹಾಗೆ ಮಾಡುವುದು ಹೇಗೆ? ತೊಲೆಗೆ ಕಪ್ಪು, ಗೋಡೆಗೆ ಬಿಳಿ ಹೊಡೆದರೆ ಸಾಕಾ? ಆಟದಲ್ಲಿ ಸೈನಿಕರು ಒಳಗೂ ಹೋಗಬೇಕು.

ಉತ್ತರ: ಅಂಟು ಹಾಕದೆ ಜೋಡಿಸಿ ನೋಡಿದ್ದು ಒಳ್ಳೆಯದೇ ಆಯಿತು. ಈಗ ಅದನ್ನು ಮತ್ತೆ ಬಿಚ್ಚಿ, ಗೋಡೆಗಳನ್ನು ಮೇಜಿನ ಮೇಲೆ ಹರಡಿಕೊಳ್ಳಿ. ಮನೆ ಪೆಟ್ಟಿಗೆ ತರಹ ಕಾಣುವುದು ಬಣ್ಣ ಇಲ್ಲದ್ದಕ್ಕಲ್ಲ. ಗೋಡೆ ಮೇಲಿನ ಆ ಗೆರೆಗಳು ಯಾವ ಭಾರವನ್ನೂ ಹೊರುತ್ತಿಲ್ಲ, ಅದಕ್ಕೆ. ನಮ್ಮ ಕಣ್ಣಿಗೆ ಇದು ಥಟ್ಟನೆ ಗೊತ್ತಾಗುತ್ತದೆ, ಕಾರಣ ಹೇಳಲು ಬಾರದಿದ್ದರೂ ಸರಿ. ಹಾಗಾಗಿ ಬಣ್ಣದ ಮಾತು ಕೊನೆಗೆ. ಮೊದಲು ಬಡಗಿಯ ಲೆಕ್ಕ.

ನಿಜವಾದ ಮನೆ ನಿಂತಿರುವ ಬಗೆ ನೋಡಿ. ಕೆಳಗೆ ಮೊಣಕಾಲೆತ್ತರದ ಕಲ್ಲಿನ ಪೀಠ. ಮರಕ್ಕೆ ನೆಲದ ತೇವ ತಾಗಬಾರದು ಅಂತ ಅದು. ಪೀಠದ ಮೇಲೆ ಉದ್ದಕ್ಕೂ ಮಲಗಿದ ಅಡಿತೊಲೆ. ಅಡಿತೊಲೆಯಿಂದ ಏಳುವ ಕಂಬಗಳು. ಕಂಬಗಳ ತಲೆಯ ಮೇಲೆ ಮೇಲ್ತೊಲೆ. ಅದರ ಮೇಲೆ ಅಡ್ಡಲಾಗಿ ಜಂತೆಗಳು. ಜಂತೆಗಳ ಮೇಲೆ ಮೇಲಂತಸ್ತಿನ ಅಡಿತೊಲೆ, ಮತ್ತೆ ಕಂಬ, ಮತ್ತೆ ಮೇಲ್ತೊಲೆ. ಕೊನೆಗೆ ಚಾವಣಿಯ ಪಕಾಸಿಗಳು. ಇಡೀ ಚೌಕಟ್ಟು ಪಕ್ಕಕ್ಕೆ ವಾಲದಿರಲಿ ಅಂತ ಕಂಬಕ್ಕೂ ತೊಲೆಗೂ ನಡುವೆ ಓರೆಪಟ್ಟಿ. ಕೀಲುಗಳಿಗೆ ಹೆಚ್ಚಾಗಿ ಕಬ್ಬಿಣದ ಮೊಳೆ ಹೊಡೆಯುತ್ತಿರಲಿಲ್ಲ, ಮರದ ಗೂಟ ಹೊಡೆಯುತ್ತಿದ್ದರು. ಉಳಿದ ಚೌಕಗಳಲ್ಲಿ ತಡಿಕೆ ಹೆಣೆದು, ಹುಲ್ಲು ಬೆರೆಸಿದ ಮಣ್ಣು ಮೆತ್ತಿ, ಮೇಲೆ ಸುಣ್ಣ. ಇಲ್ಲವೇ ಇಟ್ಟಿಗೆ. ಈ ತುಂಬಿದ ಭಾಗ ಮನೆಯ ಭಾರ ಹೊರುವುದಿಲ್ಲ. ಅದನ್ನೆಲ್ಲ ಕೆಡವಿದರೂ ಚೌಕಟ್ಟು ನಿಂತಿರುತ್ತದೆ.

ಇದು ತಲೆಯಲ್ಲಿ ಕೂತರೆ ಕಿಟ್‌ನ ಗೆರೆಗಳಲ್ಲಿ ಎಲ್ಲಿ ಎಡವಟ್ಟಾಗಿದೆ ಅಂತ ನಿಮಗೇ ಕಾಣುತ್ತದೆ. ಅಗ್ಗದ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಮೂರು. ಕಂಬ ನೇರ ನೆಲಕ್ಕೆ ಇಳಿದಿರುತ್ತದೆ, ಅಡಿತೊಲೆಯೇ ಇರುವುದಿಲ್ಲ. ಕಿಟಕಿ ಕಂಬವನ್ನು ಕತ್ತರಿಸಿಕೊಂಡು ಕೂತಿರುತ್ತದೆ. ನಿಜದಲ್ಲಿ ಕಿಟಕಿ ಯಾವಾಗಲೂ ಎರಡು ಕಂಬಗಳ ನಡುವೆಯೇ, ಕಂಬವೇ ಅದರ ಚೌಕಟ್ಟಿನ ಪಕ್ಕ. ಇನ್ನು ಓರೆಪಟ್ಟಿ ಚೌಕದ ನಡುವೆ ಎಲ್ಲಿಂದಲೋ ಶುರುವಾಗಿ ಎಲ್ಲಿಯೋ ಮುಗಿದಿರುತ್ತದೆ. ಓರೆಪಟ್ಟಿಯ ಎರಡೂ ತುದಿ ಒಂದು ದಪ್ಪ ಮರಕ್ಕೆ ತಾಗಲೇಬೇಕು. ನಿಮ್ಮ ಕಿಟ್‌ನಲ್ಲಿ ಗೆರೆ ಬರೀ ಕೊರೆದದ್ದು ಅನ್ನುವುದು ಒಂದು ಲೆಕ್ಕಕ್ಕೆ ಅನುಕೂಲವೇ. ಅವನ್ನು ಪಾಲಿಸಬೇಕಾಗಿಲ್ಲ. ಗಾರೆಯಲ್ಲಿ ಮುಚ್ಚಿ ಹೋಗುತ್ತವೆ. ಪೆನ್ಸಿಲ್ ತಗೊಂಡು ಹೊಸ ಚೌಕಟ್ಟು ನೀವೇ ಬರೆಯಬಹುದು, ಮೂರು ಮನೆಗೆ ಮೂರು ಬಗೆ.

ಅಳತೆಗೆ ಬರೋಣ. 28 ಮಿ.ಮೀ. ಸೈನಿಕರಿಗೆ ಸುಮಾರು 1/56 ಪ್ರಮಾಣ ಹೊಂದುತ್ತದೆ. 25 ಸೆಂ.ಮೀ. ದಪ್ಪದ ಮೂಲೆಗಂಬ ಈ ಲೆಕ್ಕದಲ್ಲಿ ನಾಲ್ಕೂವರೆ ಮಿ.ಮೀ., 18 ಸೆಂ.ಮೀ.ನ ಒಳಗಂಬ ಮೂರು ಚಿಲ್ಲರೆ. ನಾನು ಮೂಲೆಗಂಬ ಮತ್ತು ತೊಲೆಗಳಿಗೆ 5, ನಡುವಿನ ಕಂಬಗಳಿಗೆ 4, ಓರೆಪಟ್ಟಿಗೆ 3ರಿಂದ 4 ಮಿ.ಮೀ. ಅಗಲ ಇಟ್ಟುಕೊಳ್ಳುತ್ತೇನೆ. ಎಲ್ಲವೂ ಒಂದೇ ಅಗಲ ಮಾಡಬೇಡಿ. ದಪ್ಪದ್ದು ಯಾವುದು, ಸಣ್ಣದು ಯಾವುದು ಅನ್ನುವ ವ್ಯತ್ಯಾಸದಲ್ಲೇ ಭಾರ ಕಾಣುವುದು. ಎರಡು ಕಂಬಗಳ ನಡುವಿನ ಅಂಕಣ 18ರಿಂದ 22 ಮಿ.ಮೀ. ಇದ್ದರೆ ಚೆನ್ನ.

ಬಾಗಿಲಿನ ವಿಷಯ ಸ್ವಲ್ಪ ಕಿರಿಕಿರಿ. ಎರಡು ಮೀಟರ್ ಬಾಗಿಲು 1/56ರಲ್ಲಿ 36 ಮಿ.ಮೀ. ಆಗುತ್ತದೆ. ಆದರೆ ನಿಮ್ಮ ಸೈನಿಕ 3 ಮಿ.ಮೀ. ದಪ್ಪದ ಬೇಸ್ ಮೇಲೆ ನಿಂತಿದ್ದಾನೆ, ತಲೆ ಮೇಲೆ ಅಗಲ ಅಂಚಿನ ಟೋಪಿ ಬೇರೆ. ಮನೆ ನೇರ ಮೇಜಿನ ಮೇಲೆ ಕೂತರೆ ಅವನ ಟೋಪಿ ಬಾಗಿಲ ಮೇಲ್ಪಟ್ಟಿಗೆ ತಾಗುವ ಹಾಗೆ ಕಾಣುತ್ತಾನೆ. ಬಾಗಿಲು ದೊಡ್ಡದು ಮಾಡುವುದು ಬೇಡ, ಮನೆಯನ್ನು ಎತ್ತರಿಸಿ. ಕೆಳಗೆ 3 ಮಿ.ಮೀ. ಎಂಡಿಎಫ್ ಹಲಗೆ, ಅದರ ಮೇಲೆ 5 ಮಿ.ಮೀ. ಕಲ್ಲಿನ ಪೀಠ, ಬಾಗಿಲ ಮುಂದೆ ಒಂದು ಮೆಟ್ಟಿಲು. ಪೀಠವೂ ಸಿಕ್ಕಿತು, ಎತ್ತರದ ಸಮಸ್ಯೆಯೂ ಕಳೆಯಿತು. ಅಗಲದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 25 ಮಿ.ಮೀ. ಬೇಸ್ ತೂರುವಷ್ಟು ಅಗಲ ಬಾಗಿಲು ಇಟ್ಟರೆ ಅದು ಕೊಟ್ಟಿಗೆಯ ಬಾಗಿಲಾಗುತ್ತದೆ. ಬಾಗಿಲಿಗೆ ತಾಗಿದ ಸೈನಿಕನನ್ನು ಕೈಯಲ್ಲಿ ಎತ್ತಿ ಒಳಗಿಡುವುದೇ ಎಲ್ಲರೂ ಮಾಡುವುದು.

ಈಗ ಮೂರು ಮನೆ. ಒಂದರ ಮುಂಗೋಡೆ ಬದಲಿಸುವುದು, ಒಂದರ ಕೆಳಂತಸ್ತು ಬದಲಿಸುವುದು, ಒಂದನ್ನು ಸುಡುವುದು. ನನ್ನ ಸಲಹೆ ಇಷ್ಟೇ. ಬಂಡಿ, ಪೀಪಾಯಿ, ಸೌದೆ ರಾಶಿ ಇಟ್ಟು ಬೇರೆ ಬೇರೆ ಮಾಡಲು ಹೋಗುವವರು ಜಾಸ್ತಿ. ಅದರಿಂದ ಮನೆ ಬದಲಾಗುವುದಿಲ್ಲ. ಮೂರು ಹೆಜ್ಜೆ ದೂರದಿಂದ ನೋಡಿದರೆ ಆಕಾರ ಒಂದೇ ಅಂತ ಗೊತ್ತಾಗಿಬಿಡುತ್ತದೆ.

ಮೊದಲನೆಯದಕ್ಕೆ ಮೇಲಂತಸ್ತನ್ನು ಬೀದಿ ಕಡೆಗೆ ಹೊರಚಾಚಿ. ಹಳೆಯ ಪೇಟೆಬೀದಿಗಳಲ್ಲಿ ಮೇಲಂತಸ್ತು ಕೆಳಗಿನದಕ್ಕಿಂತ ಮುಂದೆ ಬಂದಿರುತ್ತದಲ್ಲ, ಹಾಗೆ. 45 ಸೆಂ.ಮೀ. ಚಾಚು ಅಂದರೆ ಮಾದರಿಯಲ್ಲಿ 8 ಮಿ.ಮೀ. ಇದನ್ನು ಯಾವ ಕಡೆ ಮಾಡುತ್ತೀರಿ ಅನ್ನುವುದು ಮುಖ್ಯ. ಚಾವಣಿಯ ಇಳಿಜಾರು ಇರುವ ಕಡೆ ಚಾಚಿದರೆ ಎರಡು ಇಳಿಜಾರುಗಳ ನಡುವಿನ ತ್ರಿಕೋನ ಗೋಡೆಯ ಅಗಲವೇ ಬದಲಾಗಿ, ನೆತ್ತಿ ಪಕ್ಕಕ್ಕೆ ಸರಿದು, ಇಡೀ ಚಾವಣಿ ಹೊಸದಾಗಿ ಮಾಡಬೇಕು. ತ್ರಿಕೋನ ಗೋಡೆಯನ್ನೇ ಬೀದಿಗೆ ಮುಖ ಮಾಡಿಸಿ ಅದನ್ನು ಮುಂದೆ ತನ್ನಿ. ಆಗ ತ್ರಿಕೋನ ಹಾಗೇ ಉಳಿಯುತ್ತದೆ. ಉದ್ದ ಗೋಡೆಗಳು ಮಾತ್ರ 8 ಮಿ.ಮೀ. ಬೆಳೆಯಬೇಕು.

ಅದಕ್ಕೆ ಮೇಲಂತಸ್ತಿನ ಎರಡು ಉದ್ದ ಗೋಡೆಗಳನ್ನೂ ಮುಂದಿನ ಮೂಲೆಗೆ ಹತ್ತಿರ, ನೀವು ಕಂಬ ಬರೆದಿರುವ ಜಾಗದಲ್ಲಿ ಕತ್ತರಿಸಿ. ನಡುವೆ ಅದೇ ದಪ್ಪದ 8 ಮಿ.ಮೀ. ಪಟ್ಟಿ ಸೇರಿಸಿ, ಒಳಗಿನಿಂದ 20 ಮಿ.ಮೀ. ಅಗಲದ ತೆಳು ಹಲಗೆ ಅಂಟಿಸಿ. ಪಟ್ಟಿಯ ಒಂದು ಸಂದು ಕಂಬದಡಿ ಮುಚ್ಚುತ್ತದೆ, ಇನ್ನೊಂದು ಗಾರೆಯಡಿ. ಮೂಲೆಯಲ್ಲಿ ಗೋಡೆಗಳು ಒಂದನ್ನೊಂದು ಕಚ್ಚಿಕೊಳ್ಳುವ ಹಲ್ಲುಗಳು ಕಿಟ್‌ನಲ್ಲಿದ್ದಂತೆಯೇ ಕೂಡಿಕೊಳ್ಳುತ್ತವೆ. ಮೇಲಿನ ನೆಲದ ಹಲಗೆಯನ್ನೂ ಅಷ್ಟೇ ಉದ್ದ ಮಾಡಿ. ಚಾವಣಿ ಹಲಗೆಗೆ 8 ಮಿ.ಮೀ. ಪಟ್ಟಿ ಕೂಡಿಸಿದರೆ ಹೆಂಚಿನಡಿ ಯಾರಿಗೂ ಕಾಣುವುದಿಲ್ಲ. ಇನ್ನು ಚಾಚಿನ ಕೆಳಗೆ ಜಂತೆಯ ತುದಿಗಳು ಕಾಣಲೇಬೇಕು. 4 ಮಿ.ಮೀ. ಚೌಕದ ಕಟ್ಟಿಗೆ ತುಂಡುಗಳನ್ನು 12 ಮಿ.ಮೀ.ಗೊಂದರಂತೆ ಅಂಟಿಸಿ, ಎರಡು ಮೂಲೆಗಂಬಗಳಿಂದ ಚಾಚಿನಡಿಗೆ ಓರೆಯಾದ ಆಸರೆ ಕೊಡಿ. ಈ ತುಂಡುಗಳಿಲ್ಲದೆ ಚಾಚು ಬರೀ ಗಾಳಿಯಲ್ಲಿ ತೇಲುತ್ತದೆ. ಇಡೀ ಮನೆಯಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಡುವ ಜಾಗ ಇದು.

ಎರಡನೆಯ ಮನೆಗೆ ಕೆಳಂತಸ್ತು ಪೂರ್ತಿ ಕಲ್ಲು. ಜರ್ಮನ್ ಹಳ್ಳಿ, ಪೇಟೆಗಳಲ್ಲಿ ಇಂಥ ಮನೆ ಬೇಕಾದಷ್ಟಿವೆ. 2 ಅಥವಾ 3 ಮಿ.ಮೀ. ಎಕ್ಸ್‌ಪಿಎಸ್ (ಗಟ್ಟಿ ಥರ್ಮೊಕೋಲ್ ತರಹದ) ಫೋಮ್ ಹಾಳೆಯನ್ನು ಗೋಡೆ ಅಳತೆಗೆ ಕತ್ತರಿಸಿ, ಮೊನೆ ಮೊಂಡಾದ ಪೆನ್ಸಿಲ್‌ನಿಂದ ಕಲ್ಲಿನ ಸಂದುಗಳನ್ನು ಒತ್ತಿ. ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ಮೇಲೆ ಉರುಳಿಸಿದರೆ ಕಲ್ಲಿನ ಒರಟುತನ ಬರುತ್ತದೆ. ಮೂಲೆಗಳಲ್ಲಿ ಮಾತ್ರ ದೊಡ್ಡ, ನೀಟಾದ ಕಲ್ಲು ಬರಲಿ, ಒಮ್ಮೆ ಉದ್ದ ಈ ಕಡೆ, ಒಮ್ಮೆ ಆ ಕಡೆ. ಹಾಳೆಯ ಅಂಚುಗಳನ್ನು 45 ಡಿಗ್ರಿಗೆ ಸೀಳಿ ಕೂಡಿಸಿ. ನೇರ ಕತ್ತರಿಸಿ ಕೂಡಿಸಿದರೆ ಫೋಮ್‌ನ ಅಡ್ಡ ಅಂಚು ಮೂಲೆಯಲ್ಲಿ ಎದ್ದು ಕಾಣುತ್ತದೆ. ಫೋಮ್‌ಗೆ ಸೂಪರ್ ಗ್ಲೂ ಬೇಡ, ಪ್ಲಾಸ್ಟಿಕ್ ಸಿಮೆಂಟ್ ಬೇಡವೇ ಬೇಡ, ಎರಡೂ ಕರಗಿಸಿಬಿಡುತ್ತವೆ. ಬಿಳಿ ಅಂಟು ಸಾಕು.

ಈ ಮನೆಯ ಮೇಲಂತಸ್ತಿಗೆ ಜರ್ಮನಿಯ ಹೆಸ್ಸೆ ಮತ್ತು ಫ್ರಾಂಕೋನಿಯಾ ಕಡೆಯ ‘ಕಾಡು ಮನುಷ್ಯ’ ಅನ್ನುವ ವಿನ್ಯಾಸ ಮಾಡಿ ನೋಡಿ. ಒಂದು ಕಂಬ, ಅದರ ಎರಡೂ ಪಕ್ಕ ಅಡಿತೊಲೆಗೆ ಇಳಿಯುವ ಉದ್ದ ಓರೆಪಟ್ಟಿಗಳು, ಮೇಲ್ತೊಲೆಗೆ ಏರುವ ಗಿಡ್ಡ ಓರೆಪಟ್ಟಿಗಳು. ಕೈಕಾಲು ಅಗಲಿಸಿ ನಿಂತ ಮನುಷ್ಯನ ಆಕಾರ ಬರುತ್ತದೆ. ಇದನ್ನು ಮೂಲೆಗೆ ಹತ್ತಿರದ ಅಂಕಣಗಳಲ್ಲಿ ಮಾತ್ರ ಹಾಕಿ. ನಡುವಿನ ಅಂಕಣಗಳು ಕಿಟಕಿಗೆ. ಮೂಲೆ ಗಟ್ಟಿ ಇದ್ದರೆ ಮನೆ ಗಟ್ಟಿ ಅನ್ನುವ ಲೆಕ್ಕ ಬಡಗಿಗೂ ಇತ್ತು.

ಮಾತು ಬಂತು ಅಂತ ಹೇಳುತ್ತೇನೆ, ವಿನ್ಯಾಸಕ್ಕೂ ಊರಿಗೂ ಸಂಬಂಧ ಇದೆ. ಒಂದೇ ಕಿಟ್‌ ಅನ್ನು ಎಲ್ಲ ಯುದ್ಧಕ್ಕೂ ಬಳಸುವವರು ಇದನ್ನು ಮರೆಯುತ್ತಾರೆ. ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಒತ್ತೊತ್ತಾಗಿ ನಿಂತ ನೆಟ್ಟನೆಯ ಕಂಬಗಳು ಸಾಮಾನ್ಯ, ಪಶ್ಚಿಮದ ಕಡೆ ದೊಡ್ಡ ಚೌಕಗಳು. ಫ್ರಾನ್ಸಿನ ನಾರ್ಮಂಡಿಯ 1944ರ ಯುದ್ಧವನ್ನು ಮೇಜಿನ ಮೇಲೆ ಆಡುವವರು ಎಲ್ಲ ಮನೆಗೂ ಮರದ ಚೌಕಟ್ಟು ಹಾಕುವುದನ್ನು ನೋಡಿದ್ದೇನೆ. ಆ ಮನೆಗಳಿಗೆ ಹೆಸರಾದದ್ದು ಪೂರ್ವದ ಪೇ ದೋಜ್ ಪ್ರದೇಶ. ಅಮೆರಿಕದ ಪ್ಯಾರಾಟ್ರೂಪರ್‌ಗಳು ಇಳಿದ ಕೋತಾಂತಾಂ ಕಡೆಯ ತೋಟದ ಮನೆಗಳು ಹೆಚ್ಚಾಗಿ ಕಲ್ಲಿನವು. ನಿಮ್ಮ 17ನೇ ಶತಮಾನದ ಜರ್ಮನಿಗೆ ಆ ತೊಂದರೆ ಇಲ್ಲ. ಹಾರ್ಟ್ಸ್ ಬೆಟ್ಟದ ತಪ್ಪಲಿನ ಕ್ವೆಡ್ಲಿನ್‌ಬುರ್ಗ್ ಊರೊಂದರಲ್ಲೇ ಮರದ ಚೌಕಟ್ಟಿನ ಸಾವಿರಕ್ಕೂ ಹೆಚ್ಚು ಮನೆಗಳು ಉಳಿದಿವೆ. 1994ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅಲ್ಲಿಯ ಬೀದಿಗಳ ಫೋಟೋ ಎದುರಿಗಿಟ್ಟುಕೊಂಡು ಪೆನ್ಸಿಲ್ ಹಿಡಿಯಿರಿ.

ಮೂರನೆಯದನ್ನು ಸುಡಿ ಅಂದೆ. 1618ರಿಂದ 1648ರವರೆಗೆ ನಡೆದ ಆ ಯುದ್ಧದಲ್ಲಿ ಸುಡದ ಮನೆಗಳೇ ಇರುವ ಹಳ್ಳಿ ಮೇಜಿನ ಮೇಲೆ ಸ್ವಲ್ಪ ವಿಚಿತ್ರವೇ. 1631ರ ಮೇ ತಿಂಗಳಲ್ಲಿ ಮಾಗ್ಡೆಬುರ್ಗ್‌ನಂಥ ದೊಡ್ಡ ಪಟ್ಟಣವೇ ಬೂದಿಯಾಯಿತು. ಆದರೆ ಸುಟ್ಟ ಮನೆ ಅಂದರೆ ಗೋಡೆಯನ್ನು ಹಲ್ಲುಹಲ್ಲಾಗಿ ಮುರಿದು ಕಪ್ಪು ಬಳಿಯುವುದು ಅಂತ ತಿಳಿದರೆ ಅದು ಶೆಲ್ ಬಿದ್ದ ಇಟ್ಟಿಗೆ ಮನೆಯಾಗುತ್ತದೆ. ಮರದ ಚೌಕಟ್ಟು ಸುಡುವ ರೀತಿಯೇ ಬೇರೆ. ಮೊದಲು ಚಾವಣಿ, ಪಕಾಸಿ, ಮೇಲಿನ ನೆಲದ ಹಲಗೆ. ತೆಳು ಮರ ಬೇಗ ಹೋಗುತ್ತದೆ. ದಪ್ಪ ಓಕ್ ಕಂಬದ ಹೊರಪದರ ಇದ್ದಿಲಾಗುತ್ತದೆ, ಆ ಇದ್ದಿಲೇ ಒಳಮರವನ್ನು ಸ್ವಲ್ಪ ಹೊತ್ತು ಕಾಯುತ್ತದೆ. ಹಾಗಾಗಿ ಕೆಳಂತಸ್ತಿನ ಕಂಬಗಳು, ಕಲ್ಲಿನ ಪೀಠ, ಚಿಮಣಿ ಇವು ನಿಂತಿರುತ್ತವೆ. ಗೋಡೆಯ ಮಣ್ಣು ಉದುರಿ ಖಾಲಿ ಚೌಕಗಳು ಉಳಿಯುತ್ತವೆ.

ಚೌಕ ಖಾಲಿ ಮಾಡಬೇಕಾದರೆ ಎಂಡಿಎಫ್ ಗೋಡೆಯನ್ನೇ ಕೊರೆಯಬೇಕು, ಕಂಬದ ಜಾಗ ಮಾತ್ರ ಬಿಟ್ಟು. ಅಷ್ಟು ಕೊರೆದ ಮೇಲೆ ಗೋಡೆ ಬಳುಕುತ್ತದೆ. ಅದಕ್ಕಿಂತ ಆ ಗೋಡೆಯನ್ನು ಬಿಸಾಡಿ, ಅದನ್ನೇ ಅಳತೆಗಿಟ್ಟುಕೊಂಡು 5 ಮಿ.ಮೀ. ಚೌಕದ ಕಟ್ಟಿಗೆಯಲ್ಲಿ ನಿಜವಾದ ಚೌಕಟ್ಟೇ ಮಾಡುವುದು ಸುಲಭ. ಎರಡು ಗೋಡೆ ಹೀಗೆ, ಎರಡು ಗೋಡೆ ಕಿಟ್‌ನದ್ದು. ಒಂದೆರಡು ಚೌಕಗಳಲ್ಲಿ ಮಾತ್ರ ತಡಿಕೆ ಕಾಣಲಿ. ಒಂದೂವರೆ ಮಿ.ಮೀ. ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿ, ಬಿಳಿ ಅಂಟಿನಲ್ಲಿ ಅದ್ದಿದ ಒರಟು ದಾರವನ್ನು ಒಂದರ ಹಿಂದೆ, ಒಂದರ ಮುಂದೆ ಹೆಣೆಯಿರಿ. ಒಣಗಿದಾಗ ಗಟ್ಟಿಯಾಗುತ್ತದೆ. ಅದರ ಅರ್ಧಕ್ಕೆ ಗಾರೆ ಮೆತ್ತಿ, ಅರ್ಧ ಹಾಗೇ ಬಿಡಿ. ಎಲ್ಲ ಚೌಕಕ್ಕೂ ಇದನ್ನು ಮಾಡಲು ಹೊರಟರೆ ಮುಗಿಯುವುದೇ ಇಲ್ಲ, ನೋಡುವವರಿಗೂ ಎರಡೇ ಸಾಕು.

ಚಿಮಣಿಯನ್ನು ಮರೆಯಬೇಡಿ. ಕಿಟ್‌ನಲ್ಲಿ ಅದು ಚಾವಣಿಯ ಮೇಲೆ ಕೂತ ಒಂದು ಸಣ್ಣ ಡಬ್ಬಿ. ಚಾವಣಿ ಹೋದ ಮನೆಯಲ್ಲಿ ಅದು ನೆಲದ ಒಲೆಯಿಂದಲೇ ಏಳಬೇಕು. ಒಳಗೆ 30 ಮಿ.ಮೀ. ಅಗಲದ ಕಲ್ಲು-ಇಟ್ಟಿಗೆಯ ಒಲೆ ಕಟ್ಟಿ, ಮೇಲೆ ಹೋದಂತೆ ಸಣ್ಣದಾಗಿಸಿ. ಆಟಕ್ಕೂ ಇದು ಒಳ್ಳೆಯ ಮರೆ. ಉಳಿದ ಎರಡು ಮನೆಗಳಲ್ಲೂ ಚಿಮಣಿ ಕೆಳಗಿನ ಒಲೆಗೆ ನೇರವಾಗಿದೆಯಾ ಅಂತ ಒಮ್ಮೆ ನೋಡಿ. ಮೆಟ್ಟಿಲಿನ ಮೇಲಿಂದ ಏಳುವ ಚಿಮಣಿ ಕಿಟ್‌ಗಳಲ್ಲಿ ಅಪರೂಪವೇನಲ್ಲ!

ಜೋಡಣೆಯ ಬಗ್ಗೆ ಎರಡು ಮಾತು. ಲೇಸರ್ ಕತ್ತರಿಸಿದ ಅಂಚು ಸುಟ್ಟು ಕಪ್ಪಾಗಿರುತ್ತದೆ. ಆ ಮಸಿಯ ಮೇಲೆ ಅಂಟು ಸರಿಯಾಗಿ ಕಚ್ಚುವುದಿಲ್ಲ, ಸ್ಯಾಂಡ್‌ಪೇಪರ್‌ನಿಂದ ಒಮ್ಮೆ ಉಜ್ಜಿ. ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಎಂಡಿಎಫ್ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ. ಗೋಡೆ ಬರೆಯುವುದು, ಕತ್ತರಿಸುವುದು ಚಪ್ಪಟೆ ಇದ್ದಾಗ. ಗಾರೆ ಮೆತ್ತುವುದು ನಾಲ್ಕು ಗೋಡೆ ಕೂಡಿ ಪೆಟ್ಟಿಗೆಯಾದ ಮೇಲೆ. ಒಂಟಿ ಗೋಡೆಯ ಒಂದೇ ಮುಖಕ್ಕೆ ನೀರಿನ ಪದಾರ್ಥ ಹಚ್ಚಿದರೆ ಅದು ಬಾಗುತ್ತದೆ. ಕೆಳಗಿನ ಹಲಗೆಗೂ ಇದೇ ಕಥೆ, ಮೇಲೆ ಮರಳು-ಅಂಟು ಹಚ್ಚುವ ಮೊದಲು ಅಡಿಭಾಗಕ್ಕೂ ಒಂದು ಪದರ ಅಂಟು ಬಳಿದುಬಿಡಿ.

ತೊಲೆ, ಕಂಬಗಳಿಗೆ ಬಾಲ್ಸಾ ಅನ್ನುವ ಮೆತ್ತನೆಯ ಮರ ಬೇಡ ಅನ್ನುತ್ತೇನೆ. ಕೊರೆಯಲು ಸುಲಭ, ಆದರೆ ಆಟದಲ್ಲಿ ಬೆರಳು ತಾಗಿದಲ್ಲೆಲ್ಲ ತಗ್ಗು ಬೀಳುತ್ತದೆ. ಬಾಸ್‌ವುಡ್ ಪಟ್ಟಿ ಅಥವಾ ಕಾಫಿ ಕಲಕುವ ಮರದ ಕಡ್ಡಿ ಸಾಕು. ತಂತಿ ಬ್ರಶ್‌ನಿಂದ ಮರದ ಎಳೆಯ ಉದ್ದಕ್ಕೆ ಗಟ್ಟಿಯಾಗಿ ಗೀರಿ, ಅಂಚುಗಳನ್ನು ಚಾಕುವಿನಿಂದ ಅಲ್ಲಲ್ಲಿ ಸವರಿ. ಅಡ್ಡಕ್ಕೆ ಗೀರಿದರೆ ಮಾತ್ರ ಮರ ಅನ್ನಿಸುವುದಿಲ್ಲ. ಒಂದು ವಿಷಯ ನೆನಪಿರಲಿ, ಪಟ್ಟಿ ಅಂಟಿಸುವುದಕ್ಕಿಂತ ಮೊದಲೇ ಅದಕ್ಕೆ ಬಣ್ಣ ಕುಡಿಸಬೇಕು. ಕಂದು ಮತ್ತು ಸ್ವಲ್ಪ ಕಪ್ಪು ಅಕ್ರಿಲಿಕ್ ಬಣ್ಣವನ್ನು ನೀರಾಗಿ ಕಲಸಿ ಪಟ್ಟಿಗಳನ್ನು ಅದರಲ್ಲಿ ಅದ್ದಿ ತೆಗೆಯಿರಿ. ಬಣ್ಣ ಕುಡಿಸದ ಮರಕ್ಕೆ ಬಿಳಿ ಅಂಟು ಸೋಕಿದ ಜಾಗ ಆಮೇಲೆ ಬಣ್ಣ ಕುಡಿಯುವುದಿಲ್ಲ, ಬಿಳಿ ಕಲೆಯಾಗಿ ಉಳಿಯುತ್ತದೆ. ಪ್ರೈಮರ್ ಹೊಡೆಯದ ಬರೀ ಎಂಡಿಎಫ್ ಮೇಲೆಯೇ ಪಟ್ಟಿ ಅಂಟಿಸಿ, ಹಿಡಿತ ಗಟ್ಟಿ. ಅಡಿತೊಲೆ ಮೊದಲು, ಆಮೇಲೆ ಮೂಲೆಗಂಬ, ಮೇಲ್ತೊಲೆ, ಒಳಗಂಬ, ಕೊನೆಗೆ ಓರೆಪಟ್ಟಿ. ಬಡಗಿಯ ಕ್ರಮ ಹೆಚ್ಚುಕಡಿಮೆ ಇದೇ. ಹಾಗೆ ಹೋದರೆ ಯಾವ ಮರ ಯಾವುದಕ್ಕೆ ಒರಗಬೇಕು ಅನ್ನುವ ಗೊಂದಲವೇ ಬರುವುದಿಲ್ಲ. ಮೂಲೆಯ ಲೇಸರ್ ಹಲ್ಲುಗಳು ಮೂಲೆಗಂಬದಡಿ ಮುಚ್ಚಿ ಹೋಗುತ್ತವೆ. ಕೀಲುಗಳಲ್ಲಿ ಸೂಜಿಯಿಂದ ಒಂದೆರಡು ಚುಕ್ಕೆ ಚುಚ್ಚಿ, ಅದೇ ಗೂಟ.

ಕೆಲವರು ಎಲ್ಲ ತೊಲೆಯನ್ನೂ ಡೊಂಕು ಮಾಡುತ್ತಾರೆ. ಮಾಟಗಾತಿಯ ಮನೆಗೆ ಅದು ಸರಿ. ನಿಮ್ಮದು ಇತಿಹಾಸದ ಹಳ್ಳಿ. ಬಡಗಿ ನೆಟ್ಟಗೇ ಕಟ್ಟಿದ್ದ, ಕಾಲ ಅದನ್ನು ಸ್ವಲ್ಪ ಬಾಗಿಸಿತು. ಉದ್ದ ತೊಲೆ ನಡುವೆ ಅರ್ಧ ಮಿ.ಮೀ. ಜಗ್ಗಿದ್ದರೆ ಸಾಕು.

ತೊಲೆ ಗಾರೆಗಿಂತ ಎಷ್ಟು ಮುಂದೆ ಇರಬೇಕು ಅನ್ನುವುದಕ್ಕೆ ವಾದ ಇದೆ. ನಿಜದ ಮನೆಗಳಲ್ಲಿ ಎಷ್ಟೋ ಸಲ ಗಾರೆ ತೊಲೆಗೆ ಸಮವಾಗಿರುತ್ತದೆ. ಮಾದರಿಯಲ್ಲಿ ಹಾಗೆ ಮಾಡಿದರೆ ದೂರದಿಂದ ಎಲ್ಲ ಚಪ್ಪಟೆ. ಸುಮಾರು ಒಂದು ಮಿ.ಮೀ. ದಪ್ಪದ ಪಟ್ಟಿ ಹಚ್ಚಿ, ಅರ್ಧದಷ್ಟು ಗಾರೆ ತುಂಬಿ. ನೆರಳಿಗೆ ಅಷ್ಟು ಬೇಕು. ಗಾರೆಗೆ ಗೋಡೆ ತುಂಬುವ ನಯವಾದ ಫಿಲ್ಲರ್, ಬಿಳಿ ಅಂಟು, ಸ್ವಲ್ಪ ಬಣ್ಣ ಕಲಸಿ ಹಳೆಯ ಬ್ರಶ್‌ನಿಂದ ಕುಟ್ಟುತ್ತಾ ಹಚ್ಚಿ. ಮರಳು ಬೆರೆಸಬೇಡಿ. ಒಂದು ಮಿ.ಮೀ. ಮರಳಿನ ಕಾಳು 1/56ರಲ್ಲಿ ಐದೂವರೆ ಸೆಂ.ಮೀ. ಕಲ್ಲಾಗುತ್ತದೆ. ಅಂಥ ಗಾರೆಯನ್ನು ಯಾರು ಹಚ್ಚಿದ್ದರು?

ಚಾವಣಿಗೆ ಜಾಸ್ತಿ ಹೊತ್ತು ಕೊಡಿ. ನೀವು ಮೇಜಿನ ಮೇಲಿಂದ ಬಗ್ಗಿ ಆಡುತ್ತೀರಿ, ಅಲ್ವಾ? ಗೋಡೆಗಿಂತ ಚಾವಣಿಯೇ ಹೆಚ್ಚು ಕಾಣುವುದು. ಆದರೂ ಎಲ್ಲರೂ ಗೋಡೆಯಲ್ಲೇ ಸುಸ್ತಾಗಿ, ಚಾವಣಿಗೆ ಬರುವಾಗ ಕಿಟ್‌ನ ಕೊರೆದ ಗೆರೆಗಳಿಗೇ ಬಣ್ಣ ಹಚ್ಚಿ ಕೈ ತೊಳೆದುಕೊಳ್ಳುತ್ತಾರೆ. ಜರ್ಮನ್ ನಾಡುಗಳಲ್ಲಿ ತುದಿ ದುಂಡಗಿರುವ ಚಪ್ಪಟೆ ಹೆಂಚು ಬಹಳ ಬಳಕೆಯಲ್ಲಿತ್ತು, ಅದಕ್ಕೆ ಬೀವರ್ ಬಾಲ ಅಂತಲೇ ಹೆಸರು. ಇವತ್ತಿನ ಸಾಮಾನ್ಯ ಅಳತೆ 18 ಗುಣಿಸು 38 ಸೆಂ.ಮೀ., ಅಂದರೆ ಮಾದರಿಯಲ್ಲಿ ಅಗಲ ಮೂರು ಮಿ.ಮೀ. ಚಿಲ್ಲರೆ. ಅಷ್ಟು ಸಣ್ಣದು ಕತ್ತರಿಸಿದರೆ ಕಣ್ಣು ಹೋಗುತ್ತದೆ. 4 ಮಿ.ಮೀ. ಅಗಲ ಇಟ್ಟುಕೊಳ್ಳಿ.

ತೆಳು ರಟ್ಟಿನಲ್ಲಿ 8 ಮಿ.ಮೀ. ಪಟ್ಟಿಗಳನ್ನು ಕತ್ತರಿಸಿ, ಪ್ರತಿ 4 ಮಿ.ಮೀ.ಗೆ ಅರ್ಧದವರೆಗೆ ಸೀಳಿ, ಮೂಲೆಗಳನ್ನು ಕತ್ತರಿಯಿಂದ ಸ್ವಲ್ಪ ಸವರಿ. ಸೂರಿನ ಕಡೆಯಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಪ್ರತಿ ಸಾಲೂ ಕೆಳಗಿನದರ ಅರ್ಧ ಮುಚ್ಚಲಿ, ಸೀಳು ಕೆಳಗಿನ ಹೆಂಚಿನ ನಡುವೆ ಬರಲಿ. 100 ಮಿ.ಮೀ. ಇಳಿಜಾರಿಗೆ 25 ಸಾಲು ಹಿಡಿಯುತ್ತದೆ. ಬೇಜಾರಿನ ಕೆಲಸವೇ, ಒಪ್ಪುತ್ತೇನೆ. ಅಲ್ಲೊಂದು ಇಲ್ಲೊಂದು ಹೆಂಚು ಕಿತ್ತುಬಿಡಿ, ಒಂದನ್ನು ಜಾರಿಸಿ ಅಂಟಿಸಿ. ಮೊದಲ ಸಾಲಿನಡಿ ಒಂದು ಹೆಚ್ಚುವರಿ ಪಟ್ಟಿ ಇಟ್ಟರೆ ಸೂರಿನ ಹೆಂಚು ಸ್ವಲ್ಪ ಮೇಲೆದ್ದು ಚೆನ್ನಾಗಿ ಕಾಣುತ್ತದೆ. ಎರಡನೆಯ ಮನೆಗೆ ಹುಲ್ಲಿನ ಮಾಡು ಮಾಡಿದರೆ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಉದ್ದ ಎಳೆಯ ಕೃತಕ ತುಪ್ಪಳದ ಬಟ್ಟೆಯನ್ನು ಅಂಟಿಸಿ, ನೀರು ಬೆರೆಸಿದ ಬಿಳಿ ಅಂಟು ಸುರಿದು, ಹಳೆಯ ಬಾಚಣಿಗೆಯಿಂದ ನೆತ್ತಿಯಿಂದ ಸೂರಿಗೆ ಬಾಚಿ. ಒಣಗಿದ ಮೇಲೆ ಸೂರಿನ ಅಂಚನ್ನು ಕತ್ತರಿಯಿಂದ ಒಂದೇ ಸಮ ಕತ್ತರಿಸಿ. ಹುಲ್ಲಿನ ಮಾಡು ದಪ್ಪ ಇರಬೇಕು, ಕಡಿಮೆಯೆಂದರೆ 5 ಮಿ.ಮೀ. ಇಳಿಜಾರು 45 ಡಿಗ್ರಿಗಿಂತ ಕಡಿಮೆ ಇದ್ದರೆ ಹುಲ್ಲು ಬೇಡ, ಮಳೆ ನೀರು ನಿಲ್ಲುವ ಮಾಡಿಗೆ ಯಾರೂ ಹುಲ್ಲು ಹೊದಿಸುತ್ತಿರಲಿಲ್ಲ.

ಒಳಗೆ ಹೋಗುವ ಸೈನಿಕರಿಗಾಗಿ ಚಾವಣಿ, ಮೇಲಂತಸ್ತು ಎರಡೂ ಬಿಡಿಯಾಗಿ ಎತ್ತುವಂತಿರಲಿ. ಕಿಟ್ ಹಾಗೇ ಇದ್ದರೂ ಒಂದು ಎಚ್ಚರ ಬೇಕು. ಬಣ್ಣ, ಗಾರೆ ಎಲ್ಲ ಸೇರಿ ದಪ್ಪ ಏರುತ್ತದೆ. ಬರೀ ಎಂಡಿಎಫ್‌ನಲ್ಲಿ ಬಿಗಿಯಾಗಿ ಕೂರುವ ಅಂತಸ್ತು ಬಣ್ಣ ಆದ ಮೇಲೆ ಕೂರುವುದೇ ಇಲ್ಲ, ಒತ್ತಿದರೆ ಬಣ್ಣ ಕಿತ್ತುಬರುತ್ತದೆ. ಸುತ್ತ ಅರ್ಧದಿಂದ ಒಂದು ಮಿ.ಮೀ. ಸಡಿಲ ಇಡಿ, ತಾಗುವ ಮುಖಗಳಿಗೆ ಗಾರೆ ಹಚ್ಚಬೇಡಿ. ಒಳಗೆ ಮೇಜು, ಮಂಚ ಎಲ್ಲ ಅಂಟಿಸಿಬಿಟ್ಟರೆ ಸೈನಿಕರನ್ನು ನಿಲ್ಲಿಸಲು ಜಾಗವಿರುವುದಿಲ್ಲ. ಒಲೆ ಮತ್ತು ಮೆಟ್ಟಿಲು ಬಿಟ್ಟು ಉಳಿದದ್ದು ಬಿಡಿಯಾಗಿರಲಿ. ಇನ್ನು ಉದ್ದ ಈಟಿ ಹಿಡಿದ ಪೈಕ್‌ಮನ್‌ಗಳು ಯಾವ ಮನೆಯೊಳಗೂ ಹಿಡಿಸುವುದಿಲ್ಲ, ಅದಕ್ಕೆ ನಾನೇನೂ ಮಾಡಲಾರೆ. ಬಂದೂಕಿನವರನ್ನೇ ಒಳಗೆ ಕಳಿಸಿ.

ಕಿಟಕಿಗೆ ಪಾರದರ್ಶಕ ಹಾಳೆ ಅಂಟಿಸುವುದಾದರೆ ಸೂಪರ್ ಗ್ಲೂ ಬೇಡ, ಅದರ ಆವಿಗೆ ಹಾಳೆ ಮಬ್ಬಾಗುತ್ತದೆ. ಬಡವರ ಮನೆಗೆ ಗಾಜೇ ಬೇಡ, ಮರದ ಕದ ಸಾಕು. ಒಂದು ಕದ ಅರ್ಧ ತೆರೆದಿರಲಿ.

ಈಗ ನಿಮ್ಮ ಕಪ್ಪು-ಬಿಳಿ ಪ್ರಶ್ನೆ. ಬೇಡ. ಆ ಜೋಡಿ ಅಷ್ಟೊಂದು ಪ್ರಸಿದ್ಧವಾದದ್ದು ಇಂಗ್ಲೆಂಡಿನಲ್ಲಿ, ಅದೂ ಹೆಚ್ಚಾಗಿ 19ನೇ ಶತಮಾನದ ಅಭಿರುಚಿ. ಬಣ್ಣ ಹಚ್ಚದೆ ಬಿಟ್ಟ ಓಕ್ ಬಿಸಿಲು ಮಳೆಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ಜರ್ಮನ್ ನಾಡುಗಳಲ್ಲಿ ಬಣ್ಣ ಹಚ್ಚಿದ ತೊಲೆಗಳೂ ಇದ್ದವು: ಇಟ್ಟಿಗೆ ಕೆಂಪು, ಕಾವಿ ಹಳದಿ, ಬೂದು. ನಿಮ್ಮ ಮೊದಲ ಮನೆಗೆ ಕೆಂಪು ತೊಲೆ, ಎರಡನೆಯದಕ್ಕೆ ಬಣ್ಣವಿಲ್ಲದ ಬೂದು ಓಕ್ ಮಾಡಿ. ಮೊದಲೇ ಕಂದು ಕುಡಿದ ಮರದ ಮೇಲೆ ತಿಳಿ ಬೂದು ಡ್ರೈಬ್ರಶ್ ಮಾಡಿದರೆ (ಬಣ್ಣ ಬಹುಪಾಲು ಒರೆಸಿದ ಬ್ರಶ್ಶನ್ನು ಮೇಲ್ಮೇಲೆ ಸವರಿದರೆ) ಬೂದು ಓಕ್ ಸಿದ್ಧ, ಬೇರೇನೂ ಬೇಡ. ಕೆಂಪಿಗೆ ತೆಳು ಬಣ್ಣ ಹಚ್ಚಿ, ಅಂಚುಗಳಲ್ಲಿ ಬೆರಳಿನಿಂದ ಒರೆಸಿ.

ಗಾರೆಗೆ ಶುದ್ಧ ಬಿಳಿ ಹೊಡೆದರೆ ಸೈನಿಕರಿಗಿಂತ ಗೋಡೆಯೇ ಕಣ್ಣಿಗೆ ಕುಕ್ಕುತ್ತದೆ. ಒಂದಕ್ಕೆ ಕೆನೆ ಬಣ್ಣ, ಇನ್ನೊಂದಕ್ಕೆ ಸ್ವಲ್ಪ ಕಾವಿ ಬೆರೆತ ಸುಣ್ಣ. ಒಂದೇ ಗೋಡೆಯ ಎಲ್ಲ ಚೌಕವೂ ಒಂದೇ ಬಣ್ಣ ಇರಬೇಕಾಗಿಲ್ಲ. ಒಂದು ಚೌಕವನ್ನು ಇತ್ತೀಚೆಗೆ ದುರಸ್ತಿ ಮಾಡಿದ ಹಾಗೆ ತುಸು ಬೆಳ್ಳಗಿಡಿ. ಅಡಿತೊಲೆಯ ಮೇಲಿನ 10 ಮಿ.ಮೀ.ಗೆ ಮಣ್ಣಿನ ಸಿಡಿತ, ಪೀಠದ ಮೂಲೆಯಲ್ಲಿ ಹಸಿರು ಪಾಚಿ, ಕಿಟಕಿ ಹಲಗೆಯ ಕೆಳಗೆ ನೀರಿಳಿದ ತೆಳು ಗೆರೆ. ಸುಟ್ಟ ಮನೆಗೆ ಇಡೀ ಕಪ್ಪು ಬೇಡ. ಕಂಬದ ಬುಡ ಕಂದಾಗಿಯೇ ಇರಲಿ, ಮೇಲಕ್ಕೆ ಹೋದಂತೆ ಕಪ್ಪು, ತುದಿಯಲ್ಲಿ ಬೂದಿಯ ತಿಳಿ ಬಣ್ಣ. ಚಾಕುವಿನಿಂದ ಚೌಕಚೌಕ ಬಿರುಕು ಕೊರೆದು ಮೇಲೆ ಬೂದು ಡ್ರೈಬ್ರಶ್ ಮಾಡಿದರೆ ಇದ್ದಿಲಿನ ರೂಪ ಬರುತ್ತದೆ. ಕಿಟಕಿಗಳ ಮೇಲೆ ಗಾರೆಗೆ ಹೊಗೆಯ ಮಸಿ ಹತ್ತಿರಲಿ, ಬೆಂಕಿ ಆ ದಾರಿಯಲ್ಲೇ ಹೊರಗೆ ಬಂದದ್ದು.

ಕೊನೆಗೆ ಮ್ಯಾಟ್ ವಾರ್ನಿಶ್. ಎರಡನೆಯ ಮನೆಯ ಕಲ್ಲಿನ ಫೋಮ್ ಮೇಲೆ ಬಿಳಿ ಅಂಟು ಮತ್ತು ಬಣ್ಣದ ಪದರ ಸಂದುಬಿಡದೆ ಕೂತಿದೆಯಾ ನೋಡಿಕೊಂಡು ಆಮೇಲೆ ಸ್ಪ್ರೇ ಹಿಡಿಯಿರಿ. ಅನುಮಾನ ಇದ್ದರೆ ಬ್ರಶ್‌ನಲ್ಲೇ ಹಚ್ಚಿ. ಸ್ಪ್ರೇ ಕ್ಯಾನ್‌ನ ದ್ರಾವಕ ಒಂದು ಸಣ್ಣ ಬಿರುಕಿನಲ್ಲಿ ಇಳಿದರೂ ಫೋಮ್ ತಿಂದುಹಾಕುತ್ತದೆ.